ಕಚೇರಿಯ ಗಣಕಜಾಲಕ್ಕೆ ಕಾವಲು: ವಿಳಾಸ ಪರಿವರ್ತನೆಯಷ್ಟೇ ಸಾಲದು

ಹತ್ತು ಹದಿನೈದು ಗಣಕಯಂತ್ರಗಳಿರುವ ಸಣ್ಣ ಉದ್ದಿಮೆಗೆ ಸಾಮಾನ್ಯವಾಗಿ ದೊರೆಯುವುದು ಒಂದೇ ಅಂತರಜಾಲ ಸಂಪರ್ಕ, ಒಂದೇ ಸಾರ್ವಜನಿಕ ವಿಳಾಸ. ಲೆಕ್ಕಪತ್ರ, ಜಿಎಸ್‌ಟಿ, ಬ್ಯಾಂಕ್ ವ್ಯವಹಾರಗಳೆಲ್ಲವೂ ಆ ಒಂದೇ ದಾರಿಯಲ್ಲಿ ಸಾಗುತ್ತವೆ. ಆ ದಾರಿಗೆ ಕಾವಲಿದೆಯೇ ಎಂದು ಪರಿಶೀಲಿಸುವ ಮಾಲೀಕರು ವಿರಳ.

ಒಂದು ವಿಳಾಸ, ಹಲವು ಯಂತ್ರಗಳು

ಐಪಿ ನಾಲ್ಕನೆಯ ಆವೃತ್ತಿಯ ಒಟ್ಟು ವಿಳಾಸಗಳು ಸುಮಾರು 430 ಕೋಟಿ ಮಾತ್ರ. ಈ ಕೊರತೆಯನ್ನು ಮುಂಗಂಡು ವಿಳಾಸ ಪರಿವರ್ತನೆಯ ವಿಧಾನವನ್ನು 1994ರಲ್ಲಿ ಪ್ರಕಟಿಸಲಾಯಿತು. ಇದು ಕಚೇರಿಯ ದೂರವಾಣಿ ವ್ಯವಸ್ಥೆಯನ್ನು ಹೋಲುತ್ತದೆ: ಹೊರಗಿನವರಿಗೆ ಒಂದೇ ಸಂಖ್ಯೆ, ಒಳಗೆ ಹಲವು ಎಕ್ಸ್‌ಟೆನ್ಷನ್‌ಗಳು. ಯಾವ ಯಂತ್ರದಿಂದ ಕೋರಿಕೆ ಹೊರಟಿತೆಂಬುದನ್ನು ರೂಟರ್ ನೆನಪಿಟ್ಟು, ಉತ್ತರವನ್ನು ಅದಕ್ಕೇ ತಲುಪಿಸುತ್ತದೆ. ಕೇಳದೆ ಬಂದ ಕರೆಗೆ ಸಾಮಾನ್ಯವಾಗಿ ದಾರಿ ದೊರೆಯದು.

ಆದರೆ ಇದನ್ನೇ ಭದ್ರತೆಯೆಂದು ನಂಬುವುದು ತಪ್ಪು. ಸಿಬ್ಬಂದಿಯೊಬ್ಬರು ದುರುದ್ದೇಶದ ಕಡತವನ್ನು ತೆರೆದರೆ ಸಂಪರ್ಕವು ಒಳಗಿನಿಂದಲೇ ಹೊರಡುತ್ತದೆ. ವಿಳಾಸ ಪರಿವರ್ತನೆ ಅದನ್ನು ತಡೆಯುವುದಿಲ್ಲ. ಪ್ರತಿ ಯಂತ್ರಕ್ಕೂ ಸಾರ್ವಜನಿಕ ವಿಳಾಸ ನೀಡಬಲ್ಲ ಐಪಿ ಆರನೆಯ ಆವೃತ್ತಿಯಲ್ಲಿ ಈ ಮರೆಯೂ ಉಳಿಯದು.

ತೆರೆದ ಬಾಗಿಲಿನ ಅಪಾಯ

ಮಾಲೀಕರು ಮನೆಯಿಂದಲೇ ಲೆಕ್ಕ ನೋಡಬಯಸಿದಾಗ, ರಿಮೋಟ್ ಡೆಸ್ಕ್‌ಟಾಪ್‌ಗೆಂದು 3389ನೆಯ ಪೋರ್ಟನ್ನು ನೇರವಾಗಿ ತೆರೆದಿಡುವುದುಂಟು. ಗುಪ್ತಪದ ಊಹಿಸುವ ಸ್ವಯಂಚಾಲಿತ ತಂತ್ರಾಂಶಗಳು ಇಂತಹ ಬಾಗಿಲುಗಳನ್ನೇ ಅರಸುತ್ತಿರುತ್ತವೆ. 2017ರ ಮೇ ತಿಂಗಳಿನಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ 445ನೆಯ ಪೋರ್ಟಿನ ಮೂಲಕ ಯಂತ್ರದಿಂದ ಯಂತ್ರಕ್ಕೆ ಹರಡಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲಿಯೇ ಪರಿಹಾರ ನೀಡಿತ್ತು; ಅದನ್ನು ಅಳವಡಿಸಿಕೊಳ್ಳದವರು ನಷ್ಟಕ್ಕೊಳಗಾದರು.

ಕೈಗೊಳ್ಳಬೇಕಾದ ಕ್ರಮಗಳು

1. ಫೈರ್‌ವಾಲ್‌ನ ಮೂಲ ನಿಯಮ ‘ಎಲ್ಲವನ್ನೂ ನಿರಾಕರಿಸು’ ಎಂದಿರಬೇಕು. ಒಳಬರುವ, ಹೊರಹೋಗುವ ಸಂಪರ್ಕಗಳೆರಡರಲ್ಲೂ ಅಗತ್ಯವಾದುದಕ್ಕಷ್ಟೇ ಅನುಮತಿ ನೀಡಬೇಕು. ಐಪಿಯ ಎರಡೂ ಆವೃತ್ತಿಗಳಿಗೆ ಇದು ಅನ್ವಯಿಸಬೇಕು.

2. ಹೊರಗಿನಿಂದ ಪ್ರವೇಶ ವಿಪಿಎನ್ ಮೂಲಕ ಮಾತ್ರ ಇರಲಿ.

3. ಲೆಕ್ಕಪತ್ರದ ಯಂತ್ರಗಳು, ಸಿಸಿಟಿವಿ ಮತ್ತು ಅತಿಥಿಗಳ ವೈಫೈ ಬೇರೆ ಬೇರೆ ಜಾಲಗಳಲ್ಲಿರಲಿ.

4. ರೂಟರ್‌ನೊಂದಿಗೆ ಬಂದ ಗುಪ್ತಪದವನ್ನು ಬದಲಿಸಿ, ಅದರ ತಂತ್ರಾಂಶವನ್ನು ಆಗಾಗ ನವೀಕರಿಸಬೇಕು.

5. ದತ್ತಾಂಶದ ಒಂದು ಪ್ರತಿಯನ್ನು ಜಾಲದಿಂದ ಬೇರ್ಪಡಿಸಿ ಇಡಬೇಕು.

ದಾಖಲೆಯ ಹೊಣೆ

ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಅದರಲ್ಲಿ ಪಟ್ಟಿ ಮಾಡಿದ ಸೈಬರ್ ಘಟನೆಗಳನ್ನು ಸಂಸ್ಥೆಗಳು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು; ವ್ಯವಸ್ಥೆಯ ದಾಖಲೆಗಳನ್ನು 180 ದಿನ ಕಾಯ್ದಿರಿಸಬೇಕು. ವಿಳಾಸ ಪರಿವರ್ತನೆಯಿರುವಲ್ಲಿ ಎಲ್ಲ ಯಂತ್ರಗಳೂ ಹೊರಗೆ ಒಂದೇ ವಿಳಾಸದಿಂದ ಕಾಣುತ್ತವೆ. ತಪ್ಪು ಯಾವ ಯಂತ್ರದಿಂದ ನಡೆಯಿತೆಂದು ತೋರಿಸಲು ಕಚೇರಿಯ ಫೈರ್‌ವಾಲ್ ದಾಖಲೆಯೇ ಮುಖ್ಯ ಆಧಾರ. ಆದುದರಿಂದ ದಾಖಲೆ ಬರೆದಿಡುವ ಸೌಲಭ್ಯವನ್ನು ಇಂದೇ ಚಾಲನೆಗೊಳಿಸುವುದು ಉದ್ದಿಮೆದಾರರ ಹಿತಕ್ಕೆ ಅಗತ್ಯ.