ಲಂಡನ್ನಿನಲ್ಲಿ ಚೀನೀ ಉಪಾಹಾರ: ಎಲ್ಲಿ, ಯಾವಾಗ?

ಲಂಡನ್ನಿನ ಜೆರಾರ್ಡ್ ಬೀದಿಯ ಚೈನಾಟೌನ್‌ಗೆ ಬೆಳಿಗ್ಗೆ ಎಂಟು ಗಂಟೆಗೆ ಡಿಮ್ ಸಮ್ ಅರಸಿ ಹೋದವರಿಗೆ ಹೆಚ್ಚಾಗಿ ಕಾಣುವುದು ಮುಚ್ಚಿದ ಬಾಗಿಲುಗಳು. ಹಾಂಕಾಂಗ್‌ನಲ್ಲಿ ನಸುಕಿನಲ್ಲೇ ಆರಂಭವಾಗುವ ಈ ಉಪಾಹಾರ ಇಲ್ಲಿ ಸಾಮಾನ್ಯವಾಗಿ ಹನ್ನೊಂದು, ಹನ್ನೆರಡು ಗಂಟೆಗೆ ಶುರುವಾಗುತ್ತದೆ. ಇದರ ಹಿಂದೆ ವಲಸೆಯ ಕಥೆಯೊಂದಿದೆ.

ಎರಡು ಬಗೆಯ ಉಪಾಹಾರ

ಡಿಮ್ ಸಮ್ ಇಡೀ ಚೀನಾದ ತಿಂಡಿಯಲ್ಲ. ಅದು ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತ್ಯ ಹಾಗೂ ಹಾಂಕಾಂಗ್‌ನ ಕ್ಯಾಂಟನೀಸ್ ಭಾಷಿಕರ ಪದ್ಧತಿ. ಅವರು ಇದನ್ನು ‘ಯಮ್ ಚಾ’, ಅಂದರೆ ಚಹಾ ಕುಡಿಯುವುದು ಎನ್ನುತ್ತಾರೆ. ಚಹಾದೊಡನೆ ಬಿದಿರಿನ ಬುಟ್ಟಿಗಳಲ್ಲಿ ಹಬೆಯಾಡುತ್ತ ಬರುವ ಸಣ್ಣ ತಿನಿಸುಗಳೇ ಡಿಮ್ ಸಮ್. ಉತ್ತರ ಚೀನಾದ ಬೆಳಗು ಬೇರೆ: ಬಿಸಿ ಸೋಯಾ ಹಾಲು, ಎಣ್ಣೆಯಲ್ಲಿ ಕರಿದ ಉದ್ದನೆಯ ಯೂಟಿಯಾವ್, ಕಾವಲಿಯ ಮೇಲೆ ದೋಸೆಯಂತೆ ಹರಡಿ ಮೊಟ್ಟೆ ಒಡೆದು ಹಾಕುವ ಜಿಯನ್‌ಬಿಂಗ್. ಅಕ್ಕಿಗಂಜಿ ಮಾತ್ರ ಉತ್ತರಕ್ಕೂ ದಕ್ಷಿಣಕ್ಕೂ ಸಲ್ಲುತ್ತದೆ.

ಭಾನುವಾರದ ಮೇಜು

ಲಂಡನ್ನಿನ ಮೊದಲ ಚೀನೀ ಕೇರಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಡಗಿನ ಕೆಲಸಗಾರರಿಂದ ಲೈಮ್‌ಹೌಸ್ ಬಂದರಿನ ಬಳಿ ಬೆಳೆಯಿತು. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಿಂದ ಆ ಪ್ರದೇಶ ನಲುಗಿತು. 1950 ಮತ್ತು 60ರ ದಶಕಗಳಲ್ಲಿ ಹಾಂಕಾಂಗ್‌ನ ಹಳ್ಳಿಗಳಿಂದ ಬಂದವರು ಆಗ ಬಾಡಿಗೆ ಅಗ್ಗವಾಗಿದ್ದ ಸೋಹೋ ಪ್ರದೇಶದಲ್ಲಿ ಹೋಟೆಲು ತೆರೆದರು. ಉಳಿದವರು ಬ್ರಿಟನ್ನಿನ ಸಣ್ಣಪುಟ್ಟ ಊರುಗಳಿಗೆ ಚದುರಿ ಪಾರ್ಸೆಲ್ ಅಂಗಡಿ ನಡೆಸಿದರು. ರಾತ್ರಿ ತಡವಾಗಿ ಅಂಗಡಿ ಮುಚ್ಚುವ ಇಂಥ ಕುಟುಂಬಗಳಿಗೆ ಮುಂಜಾನೆಯ ಚಹಾ ಎಲ್ಲಿಂದ ಬರಬೇಕು? ಭಾನುವಾರ ಮಧ್ಯಾಹ್ನದ ಡಿಮ್ ಸಮ್ ಮೇಜೇ ಅವರಿಗೆ ಬಂಧುಗಳನ್ನು ಕಾಣುವ, ಮಕ್ಕಳ ಕಿವಿಗೆ ಮಾತೃಭಾಷೆ ಬೀಳಿಸುವ ತಾಣವಾಯಿತು.

ಗುರುತಿಸುವುದು ಹೇಗೆ?

ಅಪ್ಪಟ ಡಿಮ್ ಸಮ್‌ಗೆ ಒರೆಗಲ್ಲು ‘ಹಾರ್ ಗಾವ್’. ಅಂಟಿನಂಶ ತೆಗೆದ ಗೋಧಿಯ ಪಿಷ್ಟಕ್ಕೆ ಕುದಿಯುವ ನೀರು ಬೆರೆಸಿ ನಾದಿ, ತೆಳುವಾಗಿ ತಟ್ಟಿ, ಸಿಗಡಿ ತುಂಬಿ ನೆರಿಗೆ ಹಿಡಿಯುತ್ತಾರೆ. ಬೆಂದಾಗ ಸಿಗಡಿಯ ನಸುಗೆಂಪು ಹೊರಗೆ ತೋರಬೇಕು. ಕಡ್ಡಿಯಿಂದ ಎತ್ತಿದರೆ ಹೊದಿಕೆ ಹರಿಯಬಾರದು. ಸಂಪ್ರದಾಯದಂತೆ ನಡೆಯುವ ಹೋಟೆಲುಗಳಲ್ಲಿ ಸಂಜೆ ಐದರ ಸುಮಾರಿಗೆ ಡಿಮ್ ಸಮ್ ಮುಗಿಯುತ್ತದೆ. ಪಟ್ಟಿಯಲ್ಲಿ ಕೋಳಿಯ ಪಾದ, ಅಕ್ಕಿಹಿಟ್ಟಿನ ಹಾಳೆಯಲ್ಲಿ ಯೂಟಿಯಾವ್ ಸುತ್ತಿದ ತಿನಿಸು ಇದ್ದರೆ ಅಲ್ಲಿಗೆ ಕ್ಯಾಂಟನೀಸರೇ ಬರುತ್ತಾರೆಂದು ತಿಳಿಯಬಹುದು.

ಸಸ್ಯಾಹಾರಿಗಳು ಎಚ್ಚರ ವಹಿಸಬೇಕು. ಮೂಲಂಗಿಯ ಕಡುಬಿನಲ್ಲಿ ಒಣಸಿಗಡಿ, ಮಾಂಸದ ಸಾಸೇಜ್ ಇರುವುದು ವಾಡಿಕೆ. ಕೆಸುವಿನ ಗೆಡ್ಡೆಯ ಕರಿದ ತಿಂಡಿಯೊಳಗೆ ಹಂದಿಮಾಂಸವಿರುತ್ತದೆ. ಹೆಸರು ನೋಡಿ ಮೋಸಹೋಗದೆ ಕೇಳಿಯೇ ತಿನ್ನುವುದು ಲೇಸು.

ಬದಲಾಗುತ್ತಿರುವ ನಕ್ಷೆ

ಚೀನಾದ ಇತರ ಪ್ರಾಂತ್ಯಗಳ ವಿದ್ಯಾರ್ಥಿಗಳು ಹೆಚ್ಚಿದಂತೆ ಲಂಡನ್ನಿನಲ್ಲಿ ಉತ್ತರದ ತಿನಿಸುಗಳೂ ಕಾಣಿಸಿಕೊಂಡವು. 2021ರ ಜನವರಿ 31ರಂದು ಬ್ರಿಟನ್ ಹಾಂಕಾಂಗ್‌ನವರಿಗೆ ವಿಶೇಷ ವೀಸಾ ಆರಂಭಿಸಿದ ಬಳಿಕ ಹಲವು ಕುಟುಂಬಗಳು ಸಟನ್, ಕಿಂಗ್ಸ್‌ಟನ್‌ನಂಥ ಬಡಾವಣೆಗಳಲ್ಲಿ ನೆಲೆಸಿವೆ. ಹಾಗಾಗಿ ಅಪ್ಪಟ ರುಚಿ ಬೇಕೆನ್ನುವವರು ಪ್ರವಾಸಿಗರ ಬೀದಿಯನ್ನಷ್ಟೇ ನೆಚ್ಚಬೇಕಿಲ್ಲ. ಯಾವ ಪ್ರಾಂತ್ಯದ ತಿಂಡಿ ಬೇಕೆಂದು ಮೊದಲು ನಿಶ್ಚಯಿಸಿ, ಆ ಪ್ರಾಂತ್ಯದ ಜನರು ಎಲ್ಲಿ ನೆಲೆಸಿದ್ದಾರೋ ಅಲ್ಲಿ ಹುಡುಕುವುದೇ ಸರಿಯಾದ ದಾರಿ.