ಕತ್ತರಿಯಿಂದ ಎಣಿಕೆಯ ತಟ್ಟೆಗೆ

ದಾವಣಗೆರೆಯಲ್ಲಾಗಲಿ, ಹಾಸನದಲ್ಲಾಗಲಿ, ಬೆಂಗಳೂರಿನ ಬಸವನಗುಡಿಯಲ್ಲಾಗಲಿ, ಸಂಜೆಯ ಹೊತ್ತು ಔಷಧದಂಗಡಿಯ ಮುಂದೆ ಐದು ನಿಮಿಷ ನಿಂತವರಿಗೆ ಒಂದು ದೃಶ್ಯ ಕಣ್ಣಿಗೆ ಬೀಳದಿರುವುದಿಲ್ಲ. ವೈದ್ಯರ ಚೀಟಿ ಗಾಜಿನ ಮೇಲೆ ಬೀಳುತ್ತದೆ. ಒಳಗಿನ ಕೈ ತಡವರಿಸದೆ ಸರಿಯಾದ ಖಾನೆಯಿಂದ ಮಾತ್ರೆಯ ಪಟ್ಟಿಯನ್ನು ಸೆಳೆಯುತ್ತದೆ. “ಎಷ್ಟು ದಿನಕ್ಕೆ ಬೇಕು, ಅಮ್ಮ?” ಎಂಬ ಪ್ರಶ್ನೆಯೊಡನೆ ಕತ್ತರಿ ಆಡುತ್ತದೆ, ಹತ್ತು ಮಾತ್ರೆಗಳ ಪಟ್ಟಿ ಎರಡು ತುಂಡಾಗಿ, ಒಂದು ತುಂಡು ಕಾಗದದ ಚಿಕ್ಕ ಚೀಲವನ್ನು ಸೇರುತ್ತದೆ. ಹಿಂದಿನ ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲಿ, ಚೌಕಟ್ಟಿನೊಳಗೆ ಅಂಗಡಿಯ ಪರವಾನಗಿ. ಅದರಲ್ಲಿ ನೋಂದಾಯಿತ ಫಾರ್ಮಸಿಸ್ಟರ ಹೆಸರು.

ಅದೇ ಕೈ ಕೆನಡಾದ ಟೊರಾಂಟೊ ನಗರದ ಔಷಧಾಲಯವೊಂದರಲ್ಲಿ ನಿಂತಾಗ ಕತ್ತರಿಗೆ ಕೆಲಸ ಕಡಿಮೆ. ಅಲ್ಲಿ ಬಹುಪಾಲು ಮಾತ್ರೆಗಳು ದೊಡ್ಡ ಡಬ್ಬಿಗಳಲ್ಲಿ ಸಡಿಲವಾಗಿ ಬರುತ್ತವೆ. ಅವುಗಳನ್ನು ಎಣಿಕೆಯ ತಟ್ಟೆಯ ಮೇಲೆ ಸುರಿದು, ಚಪ್ಪಟೆ ಅಲಗಿನಿಂದ ಐದೈದಾಗಿ ಸರಿಸಿ, ಕಂದು ಬಣ್ಣದ ಪುಟ್ಟ ಶೀಶೆಗೆ ತುಂಬಬೇಕು. ಶೀಶೆಯ ಮೇಲೆ ರೋಗಿಯ ಹೆಸರು, ಮದ್ದಿನ ಹೆಸರು, ಸೇವಿಸುವ ಕ್ರಮ ಎಲ್ಲವನ್ನೂ ಅಚ್ಚಿಸಿದ ಚೀಟಿ ಅಂಟಿಸಬೇಕು. ವಿದ್ಯೆ ಒಂದೇ, ಆಯುಧ ಬೇರೆ. ಆದರೆ ಕತ್ತರಿಯಿಂದ ಈ ತಟ್ಟೆಯವರೆಗಿನ ದಾರಿ ವಿಮಾನದಲ್ಲಿ ಒಂದು ದಿನದ್ದಾದರೂ ಕಾಗದಪತ್ರಗಳಲ್ಲಿ ಎರಡು ಮೂರು ವರ್ಷಗಳದ್ದು.

ಈ ದಾರಿ ಹಿಡಿಯಬಯಸುವವರು ಯಾರು? ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ, ವೈದ್ಯಕೀಯ ಸೀಟು ಕೈತಪ್ಪಿ, ಎರಡು ವರ್ಷದ ಡಿ.ಫಾರ್ಮಾ ಮುಗಿಸಿದ ಮಧ್ಯಮ ವರ್ಗದ ಮಕ್ಕಳು. ಪಾಠದ ಮೇಲೆ ೫೦೦ ಗಂಟೆಗಳ ಪ್ರಾಯೋಗಿಕ ತರಬೇತಿ. ಅದಾದ ಮೇಲೆ ೧೯೪೮ರ ಫಾರ್ಮಸಿ ಕಾಯಿದೆಯಂತೆ ರಾಜ್ಯದ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ದಾಖಲಾದರೆ ಅವರು ಫಾರ್ಮಸಿಸ್ಟರು. ಮನೆಯವರು ಹೆಮ್ಮೆಪಡುತ್ತಾರೆ; ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ ಅಕ್ಷರಗಳು ಬೀಳುತ್ತವೆ. ಸಂಬಳ ಮಾತ್ರ ಆ ಅಕ್ಷರಗಳಷ್ಟು ಉದ್ದವಿರುವುದಿಲ್ಲ.

ಕೆನಡಾದಲ್ಲಿ ಫಾರ್ಮಸಿಸ್ಟ್ ಎಂಬ ಹೆಸರು ವಿಶ್ವವಿದ್ಯಾನಿಲಯದ ಪದವಿ ಪಡೆದವರಿಗೆ ಮೀಸಲು. ಡಿಪ್ಲೊಮಾ ಪಡೆದವರಿಗೆ ಹೊಂದುವುದು ಅದರ ಕೆಳಗಿನ ಮೆಟ್ಟಿಲು, ಫಾರ್ಮಸಿ ಟೆಕ್ನಿಷಿಯನ್. ಸುದ್ದಿ ಮನೆಗೆ ಬಂದ ದಿನ ಅಜ್ಜಿ ಕೇಳುವ ಪ್ರಶ್ನೆ ಒಂದೇ: “ಹಾಗಾದರೆ ಕಂಪೌಂಡರೇ ತಾನೆ?” ತಂದೆ ಪತ್ರಿಕೆಯಿಂದ ತಲೆಯೆತ್ತುವುದಿಲ್ಲ. ಊರಿನಲ್ಲಿ ಗೋಡೆಯ ಮೇಲೆ ಹೆಸರಿದ್ದ ಮಗಳು ಪರದೇಶದಲ್ಲಿ ಇನ್ನೊಬ್ಬರ ಕೈಕೆಳಗೆ ನಿಲ್ಲುವುದೆಂದರೆ ಅದು ಏರುವುದೋ, ಇಳಿಯುವುದೋ ಎಂಬ ಲೆಕ್ಕ ಅವರಿಗೆ ಬಗೆಹರಿಯುವುದಿಲ್ಲ.

ಅಜ್ಜಿಯ ಮಾತು ಅರ್ಧ ಸರಿ. ಹಿಂದೆ ಡಾಕ್ಟರ ಷಾಪಿನಲ್ಲಿ ಬಣ್ಣದ ನೀರನ್ನು ಶೀಶೆಗೆ ಹೊಯ್ದು, ಕಾಗದದ ಪಟ್ಟಿಯಲ್ಲಿ ಗುಕ್ಕಿಗೊಂದು ಗುರುತು ಕತ್ತರಿಸಿ ಅಂಟಿಸುತ್ತಿದ್ದ ಕಂಪೌಂಡರನಿಗೂ ಈ ಟೆಕ್ನಿಷಿಯನ್ನಳಿಗೂ ದೂರದ ಸಂಬಂಧವಿದೆ. ಆದರೆ ಕಂಪೌಂಡರನ ಕೈತಪ್ಪಿಗೆ ಡಾಕ್ಟರರು ಹೊಣೆ. ಟೆಕ್ನಿಷಿಯನ್ನಳ ಕೈತಪ್ಪಿಗೆ ಅವಳೇ ಹೊಣೆ. ಅಲ್ಲಿಯ ಔಷಧಾಲಯಗಳಲ್ಲಿ ಪ್ರತಿ ಚೀಟಿಯೂ ಎರಡು ಪರಿಶೀಲನೆಗಳನ್ನು ದಾಟಬೇಕು. ಈ ರೋಗಿಗೆ ಈ ಮದ್ದು ತಕ್ಕುದೇ, ಅವನು ಸೇವಿಸುತ್ತಿರುವ ಬೇರೆ ಮದ್ದಿಗೂ ಇದಕ್ಕೂ ವಿರೋಧವಿದೆಯೇ ಎಂದು ನೋಡುವುದು ಫಾರ್ಮಸಿಸ್ಟರ ಕೆಲಸ. ಬರೆದ ಮದ್ದೇ ಶೀಶೆಯಲ್ಲಿದೆಯೇ, ಪ್ರಮಾಣ ಸರಿಯೇ, ಎಣಿಕೆ ಸರಿಯೇ, ಡಬ್ಬಿಯ ಮೇಲಿನ ಎಂಟು ಅಂಕಿಗಳ ಮದ್ದಿನ ಗುರುತಿನ ಸಂಖ್ಯೆ ದಾಖಲೆಯೊಡನೆ ಹೊಂದುತ್ತದೆಯೇ ಎಂದು ನೋಡಿ ಸಹಿ ಹಾಕುವ ಅಧಿಕಾರ ನೋಂದಾಯಿತ ಟೆಕ್ನಿಷಿಯನ್ನಳಿಗೂ ಉಂಟು. ಒಂಟಾರಿಯೊ ಪ್ರಾಂತ ೨೦೧೦ರ ಡಿಸೆಂಬರಿನಲ್ಲಿ ಈ ವೃತ್ತಿಯನ್ನು ನಿಯಂತ್ರಣಕ್ಕೆ ಒಳಪಡಿಸಿತು. ಕೆನಡಾದಲ್ಲಿ ಅದೇ ಮೊದಲು. ಅದಕ್ಕೂ ಹಿಂದೆ ಯಾರು ಬೇಕಾದರೂ ತಮ್ಮನ್ನು ಟೆಕ್ನಿಷಿಯನ್ ಎಂದು ಕರೆದುಕೊಳ್ಳಬಹುದಾಗಿತ್ತು. ನೋಂದಣಿ ಇಲ್ಲದೆ ದುಡಿಯುವವರನ್ನು ಅಸಿಸ್ಟೆಂಟ್ ಎನ್ನುತ್ತಾರೆ. ಹೊಸದಾಗಿ ಬಂದವರಲ್ಲಿ ಅನೇಕರು ಮೊದಲು ಸೇರುವುದು ಈ ಅಸಿಸ್ಟೆಂಟ್ ಕೆಲಸಕ್ಕೇ. ಎರಡು ಹೆಸರುಗಳ ಅಂತರವನ್ನು ಊರಲ್ಲೇ ತಿಳಿದು ಹೊರಟವರಿಗೆ ಅಲ್ಲಿ ನಿರಾಶೆ ಕಡಿಮೆ.

ಇನ್ನು ಬಾಗಿಲುಗಳ ವಿಚಾರ. ಬಾಗಿಲುಗಳು ಎರಡು, ಬೀಗಗಳೂ ಎರಡು. ದೇಶದೊಳಗೆ ನೆಲಸಲು ಬಿಡುವುದು ಒಂದು ಸರ್ಕಾರಿ ಇಲಾಖೆ. ವೃತ್ತಿ ಮಾಡಲು ಬಿಡುವುದು ಪ್ರಾಂತದ ನಿಯಂತ್ರಣ ಸಂಸ್ಥೆ. ಒಂದರ ಕೀಲಿಯಿಂದ ಮತ್ತೊಂದು ತೆರೆಯುವುದಿಲ್ಲ. ವೀಸಾ ಕೈಗೆ ಬಂದರೆ ನೋಂದಣಿ ಬಂದಂತಲ್ಲ. ಪರೀಕ್ಷೆ ಗೆದ್ದರೆ ವೀಸಾ ಬಂದಂತಲ್ಲ. ಈ ಸರಳ ಸಂಗತಿಯನ್ನು ಅರಿಯದೆ ಮನೆಯ ಮೇಲೆ ಸಾಲ ಎತ್ತಿದ ಕುಟುಂಬಗಳು ಪಡುವ ಪಾಡು ಸಣ್ಣದಲ್ಲ.

ಬರುವವರನ್ನು ಅಂಕಗಳಿಂದ ಅಳೆಯುವ ಪದ್ಧತಿಯನ್ನು ಕೆನಡಾ ೧೯೬೭ರಲ್ಲಿ ಆರಂಭಿಸಿತು. ಕುಶಲ ಕಾರ್ಮಿಕರ ಯೋಜನೆಯಲ್ಲಿ ವಯಸ್ಸು, ಓದು, ಭಾಷೆ, ಅನುಭವ ಮೊದಲಾದುವುಗಳಿಗೆ ನೂರು ಅಂಕಗಳನ್ನು ಹಂಚಿದ್ದು, ಅರ್ಹತೆಗೆ ೬೭ ಬೇಕು. ಹದಿನೆಂಟರಿಂದ ಮೂವತ್ತೈದರವರೆಗಿನ ವಯಸ್ಸಿಗೆ ಪೂರ್ತಿ ಹನ್ನೆರಡು ಅಂಕ. ಆಮೇಲೆ ವರ್ಷಕ್ಕೊಂದರಂತೆ ಸೋರಿಹೋಗುತ್ತದೆ. ‘ತಂಗಿಯ ಮದುವೆ ಆಗಲಿ, ಮನೆ ಕಟ್ಟಿ ಮುಗಿಯಲಿ, ಆಮೇಲೆ ನೋಡೋಣ’ ಎನ್ನುವ ನಮ್ಮ ಮನೆಗಳ ಪದ್ಧತಿಗೂ ಈ ಲೆಕ್ಕಕ್ಕೂ ಒಗ್ಗುವುದಿಲ್ಲ. ೨೦೧೫ರ ಜನವರಿಯಿಂದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಏರ್ಪಾಡು ಬಂದಿತು. ಅರ್ಹರೆಲ್ಲರನ್ನೂ ಒಂದು ಪಟ್ಟಿಯಲ್ಲಿ ಸೇರಿಸಿ, ಬೇರೊಂದು ಅಂಕಮಾಲೆಯಲ್ಲಿ ಮೇಲಿರುವವರನ್ನು ಆಗಾಗ ಕರೆಯುತ್ತಾರೆ. ೨೦೨೩ರಿಂದ ಆರೋಗ್ಯವೃತ್ತಿಯಂಥ ಕೆಲವು ವರ್ಗಗಳಿಗೆ ಪ್ರತ್ಯೇಕ ಕರೆಗಳೂ ನಡೆದಿವೆ. ಆಯಾ ವರ್ಗದಲ್ಲಿ ಯಾವ ಕೆಲಸಗಳು ಸೇರಿವೆ ಎಂಬುದು ಬದಲಾಗುವ ಮಾತು. ನೆರೆಮನೆಯ ಹುಡುಗ ಹೋದ ವರ್ಷ ಹೋದನೆಂಬುದು ಈ ವರ್ಷಕ್ಕೆ ಪ್ರಮಾಣವಲ್ಲ.

ಎರಡನೆಯ ಬೀಗದ ಕೀಲಿ ಕೆನಡಾದ ಫಾರ್ಮಸಿ ಪರೀಕ್ಷಾ ಮಂಡಳಿಯಲ್ಲಿದೆ. ಪರೀಕ್ಷೆ ಎರಡು ಭಾಗ. ಮೊದಲನೆಯದು ಆಯ್ದು ಗುರುತು ಹಾಕುವ ಪ್ರಶ್ನೆಗಳು. ಬಾಯಿಪಾಠದಲ್ಲಿ ಪಳಗಿದ ನಮ್ಮ ಮಕ್ಕಳಿಗೆ ಅದು ಕಷ್ಟವೇನಲ್ಲ. ಎದೆ ಹೊಡೆದುಕೊಳ್ಳುವುದು ಎರಡನೆಯದರಲ್ಲಿ. ಅಭ್ಯರ್ಥಿ ಒಂದು ಕಟ್ಟೆಯಿಂದ ಮತ್ತೊಂದಕ್ಕೆ ಗಡಿಯಾರದ ಲೆಕ್ಕದಲ್ಲಿ ಸಾಗಬೇಕು. ಒಂದು ಕಡೆ ಸಿದ್ಧಪಡಿಸಿದ ಶೀಶೆಗಳಲ್ಲಿ ಅಡಗಿಸಿಟ್ಟ ತಪ್ಪನ್ನು ಹಿಡಿಯಬೇಕು. ಇನ್ನೊಂದು ಕಡೆ ರೋಗಿಯ ವೇಷದಲ್ಲಿ ಕುಳಿತ ನಟನೊಡನೆ ಮಾತಾಡಬೇಕು. ಅವನು ಸಿಡುಕಬಹುದು, ಅಳಬಹುದು, ಕೇಳಬಾರದ್ದನ್ನು ಕೇಳಬಹುದು. ಮದ್ದಿನ ಗುಣದ ಬಗ್ಗೆ ಕೇಳಿದರೆ ಉತ್ತರ ಗೊತ್ತಿದ್ದರೂ “ಇದನ್ನು ಫಾರ್ಮಸಿಸ್ಟರೇ ಹೇಳಬೇಕು, ಕರೆಯುತ್ತೇನೆ” ಎಂದು ನಿಲ್ಲಿಸುವುದೇ ಸರಿಯುತ್ತರ. ಊರಿನ ಅಂಗಡಿಯಲ್ಲಿ ಹತ್ತು ವರ್ಷ ಎಲ್ಲರಿಗೂ ಎಲ್ಲಕ್ಕೂ ಸಲಹೆ ಕೊಟ್ಟ ನಾಲಗೆಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇಲ್ಲ.

ಇದರ ಜೊತೆಗೆ ಪ್ರಾಂತದ ಕಾನೂನಿನ ಪರೀಕ್ಷೆ, ಭಾಷೆಯ ಪ್ರಮಾಣಪತ್ರ, ಅಲ್ಲಿಯ ಔಷಧಾಲಯದಲ್ಲಿ ಮೇಲ್ವಿಚಾರಣೆಯ ತರಬೇತಿ. ಓದಿನಲ್ಲಿ ಕೊರತೆ ಕಂಡವರಿಗೆ ಸೇತುವೆಯಂಥ ಪಾಠಗಳು. ನೋಂದಣಿ ಮಾಡುವ ಸಂಸ್ಥೆಗೆ ಒಂಟಾರಿಯೊದಲ್ಲಿ ಕಾಲೇಜು ಎಂದೇ ಹೆಸರು. ಆದರೆ ಅಲ್ಲಿ ಪಾಠವಿಲ್ಲ, ಬೆಂಚಿಲ್ಲ. ‘ಮಗಳು ಕಾಲೇಜಿಗೆ ಅರ್ಜಿ ಹಾಕಿದ್ದಾಳೆ’ ಎಂದು ಕೇಳಿದ ಬಂಧುಗಳು ಮತ್ತೆ ಓದುತ್ತಿದ್ದಾಳೆಂದು ತಿಳಿದರೆ ಅವರ ತಪ್ಪಲ್ಲ.

ಕೆಲಸಕ್ಕೆ ನಿಂತ ಮೇಲಿನ ಅಚ್ಚರಿಗಳೇ ಬೇರೆ. ನಮ್ಮ ಮನೆಮನೆಯ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್ ಎಂಬ ಹೆಸರಿನಿಂದ ಕುಳಿತಿರುತ್ತದೆ. ಅಫೀಮಿನ ಕುಲದ ನೋವುನಿವಾರಕಗಳನ್ನು ಬೀಗದೊಳಗಿಟ್ಟು ಒಂದೊಂದನ್ನೂ ಲೆಕ್ಕವಿಡುತ್ತಾರೆ; ಒಂದು ಮಾತ್ರೆ ಕಡಿಮೆಯಾದರೂ ಕಾರಣ ಹುಡುಕದೆ ಬಿಡುವಂತಿಲ್ಲ. ಮಾದಕ ವ್ಯಸನದಿಂದ ಬಿಡಿಸಿಕೊಳ್ಳುತ್ತಿರುವವರು ಮೆಥಡೋನ್ ಎಂಬ ದ್ರವವನ್ನು ದಿನವೂ ಔಷಧಾಲಯದ ಕಟ್ಟೆಯ ಬಳಿಯೇ, ಸಿಬ್ಬಂದಿಯ ಕಣ್ಣೆದುರು ಕುಡಿದು ಹೋಗುವುದುಂಟು. ಅಂಥವರನ್ನು ಊರಿನಲ್ಲಿ ಕಂಡರೆ ರಸ್ತೆ ದಾಟುತ್ತಿದ್ದ ಹುಡುಗಿ ಇಲ್ಲಿ ಹೆಸರು ಹಿಡಿದು, ಮರ್ಯಾದೆಯಿಂದ ಮಾತಾಡಿಸಬೇಕು. ಮೊದಲ ವಾರ ಹೆದರಿಕೆ. ಮೂರನೆಯ ತಿಂಗಳಿಗೆ ಅವರಲ್ಲೊಬ್ಬ ಎರಡು ದಿನ ಬಾರದಿದ್ದರೆ ಕಣ್ಣು ಬಾಗಿಲ ಕಡೆ ಹೋಗುತ್ತದೆ.

ಚೀಟಿಯಿಲ್ಲದೆ ಗುರುತಿನ ಮೇಲೆ ಮದ್ದು ಕೊಡುವ ಮಾತಂತೂ ಇಲ್ಲ. ನಮ್ಮಲ್ಲಿಯೂ ಕೆಲವು ಪ್ರಬಲ ಮದ್ದುಗಳ ಮಾರಾಟಕ್ಕೆ ಪ್ರತ್ಯೇಕ ದಾಖಲೆ ಇಡಬೇಕೆಂಬ ನಿಯಮ ೨೦೧೪ರಲ್ಲಿ ಜಾರಿಗೆ ಬಂದಿದೆ. ಆದರೂ ‘ಹೋದ ಸಲದ್ದೇ ಕೊಡಪ್ಪ’ ಎಂಬ ಮಾತಿಗೆ ನಮ್ಮ ಊರುಗಳಲ್ಲಿ ಇರುವ ಬೆಲೆ ಎಲ್ಲರಿಗೂ ಗೊತ್ತು.

ನಮ್ಮ ಕಡೆಯ ಇನ್ನೊಂದು ರೂಢಿಯನ್ನೂ ಹೇಳದೆ ವಿಧಿಯಿಲ್ಲ. ಪ್ರಮಾಣಪತ್ರವನ್ನು ಅಂಗಡಿಯೊಂದಕ್ಕೆ ಬಾಡಿಗೆಗೆ ಕೊಟ್ಟು, ತಾವು ಬೇರೆಲ್ಲೋ ದುಡಿಯುವವರು ಕೆಲವರಿದ್ದಾರೆ. ಗೋಡೆಯ ಮೇಲೆ ಹೆಸರಿರುತ್ತದೆ, ಮನುಷ್ಯ ಇರುವುದಿಲ್ಲ. ಇದು ಇಲ್ಲಿಯೂ ಅಪರಾಧವೇ. ಹೊರದೇಶಕ್ಕೆ ಅರ್ಜಿ ಹಾಕುವಾಗ ಕುತ್ತಿಗೆಗೆ ಬರುತ್ತದೆ. ಅನುಭವ ಪತ್ರದಲ್ಲಿ ಒಂದು ಊರು, ಬ್ಯಾಂಕಿನ ಸಂಬಳದ ದಾಖಲೆಯಲ್ಲಿ ಮತ್ತೊಂದು ಊರು. ಸುಳ್ಳು ಮಾಹಿತಿ ಕೊಟ್ಟರೆಂದು ತೀರ್ಮಾನವಾದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ. ತಿಂಗಳಿಗೆ ಕೆಲವು ಸಾವಿರದ ಬಾಡಿಗೆಗೆ ಯೌವನದ ಐದು ವರ್ಷಗಳನ್ನು ತೆತ್ತಂತೆ.

ಏಜೆಂಟರ ಕಥೆಯೂ ಇಂಥದೇ. ‘ಕೆಲಸದ ಪತ್ರ ಸಿದ್ಧವಿದೆ, ಇಷ್ಟು ಲಕ್ಷ’ ಎನ್ನುವವನ ಮಾತು ಕೇಳುವ ಮೊದಲು ಒಂದು ಸಂಗತಿ ನೆನಪಿರಲಿ. ಹೊರಗಿನವರನ್ನು ತಾತ್ಕಾಲಿಕ ಕೆಲಸಕ್ಕೆ ಕರೆಸುವ ಕೆನಡಾದ ಮಾಲೀಕನು ಸಾಮಾನ್ಯವಾಗಿ ಅಲ್ಲಿಯ ಸರ್ಕಾರಕ್ಕೆ ಸಾವಿರ ಡಾಲರ್ ಶುಲ್ಕ ಕಟ್ಟಿ ಅನುಮತಿ ಪಡೆಯಬೇಕು. ಆ ಹಣವನ್ನು ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ನೆಲಸುವ ಅರ್ಜಿಯಲ್ಲಿ ಕೆಲಸದ ಪತ್ರಕ್ಕೆ ಸಿಗುತ್ತಿದ್ದ ಹೆಚ್ಚುವರಿ ಅಂಕಗಳನ್ನು ೨೦೨೫ರ ಮಾರ್ಚಿನಲ್ಲಿ ತೆಗೆದುಹಾಕಿದ್ದಕ್ಕೆ ಇಂಥ ಪತ್ರಗಳ ವ್ಯಾಪಾರವೇ ಕಾರಣ.

ಬೇರೆ ದೇಶಗಳನ್ನು ಕೇಳುವವರಿಗೆ ಎರಡು ಮಾತು. ಬ್ರಿಟನ್ನಿನಲ್ಲಿ ೨೦೧೧ರ ಜುಲೈಯಿಂದ ಟೆಕ್ನಿಷಿಯನ್ನರ ನೋಂದಣಿ ಕಡ್ಡಾಯ. ಕುಶಲ ಕೆಲಸಗಾರರ ವೀಸಾವನ್ನು ೨೦೨೫ರ ಜುಲೈ ೨೨ರಿಂದ ಮುಖ್ಯವಾಗಿ ಪದವಿಮಟ್ಟದ ಕೆಲಸಗಳಿಗೆ ಸೀಮಿತಗೊಳಿಸಿ, ಕೆಳಗಿನವುಗಳಲ್ಲಿ ಪಟ್ಟಿಯಲ್ಲಿದ್ದವನ್ನಷ್ಟೇ ಉಳಿಸಿದರು. ಅಮೆರಿಕದ ಎಚ್-೧ಬಿ ವೀಸಾ ಪದವಿ ಬೇಡುವ ಕೆಲಸಗಳಿಗಾಗಿ ಇರುವುದರಿಂದ ಈ ವೃತ್ತಿಗೆ ಆ ದಾರಿ ಇಲ್ಲವೆಂದೇ ಹೇಳಬೇಕು. ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ಕೊಲ್ಲಿ ದೇಶಗಳೇ ಹತ್ತಿರ. ಅಲ್ಲಿಯೂ ದಾಖಲೆಗಳ ಮೂಲ ಪರಿಶೀಲನೆ ಮತ್ತು ಪರೀಕ್ಷೆ ಉಂಟು, ಬೇಗ ಕೆಲಸವೂ ಸಿಗಬಹುದು, ಆದರೆ ನೆಲಸುವ ಭರವಸೆ ಇಲ್ಲ.

ಹೋಗಿ ನೆಲೆಯಾದವರ ಮನೆಗಳಲ್ಲಿ ಬೆಳಗಿನ ಒಂದು ಹೊತ್ತು ಮೀಸಲಾಗಿರುತ್ತದೆ. ಇಲ್ಲಿ ಬೆಳಿಗ್ಗೆ ಆರೂವರೆಯಾದರೆ ಬೇಸಿಗೆಯ ಟೊರಾಂಟೊದಲ್ಲಿ ಹಿಂದಿನ ರಾತ್ರಿಯ ಒಂಬತ್ತು ಗಂಟೆ. ಕಾಫಿಯ ಲೋಟ ಕೆಳಗಿಟ್ಟು ತಾಯಿ ಫೋನಿನ ಮುಂದೆ ಕೂರುತ್ತಾರೆ. ತಂದೆಯ ರಕ್ತದೊತ್ತಡದ ಮಾತ್ರೆಗಳು, ಸಕ್ಕರೆ ಕಾಯಿಲೆಯ ಮಾತ್ರೆಗಳು ಒಂದೊಂದಾಗಿ ಪರದೆಯ ಮುಂದೆ ಬರುತ್ತವೆ. ಅಂಗಡಿಯಲ್ಲಿ ಈಗ ಹೊಸ ಹುಡುಗ. ಅವನು ಕೊಟ್ಟದ್ದು ಸರಿಯೋ ಎಂಬ ಅನುಮಾನ.

“ತಿರುಗಿಸಿ ಹಿಡಿ, ಅಮ್ಮ. ತಾರೀಖು ಕಾಣುತ್ತಿಲ್ಲ.”

“ಆ ಕಡೆಯದ್ದು ಕತ್ತರಿಸಿಬಿಟ್ಟಿದ್ದಾನಲ್ಲೇ.”

“ನಾಳೆ ತರುವಾಗ ಹೇಳು. ಹೆಸರು, ತಾರೀಖು ಇರುವ ತುಂಡನ್ನೇ ಕೊಡಪ್ಪ ಅನ್ನು. ಅಪ್ಪನಿಗೆ ಕೊಡು, ನಾನು ಮಾತಾಡುತ್ತೇನೆ.”