ತಟಸ್ಥ ಅಂದರೆ ಯಾವ ದಡ? ಡ್ರ್ಯಾಗ್ ರೇಸಿನ ಗೇರ್‌ಬಾಕ್ಸ್‌ನಲ್ಲಿ ನ್ಯೂಟ್ರಲ್

ಗಡಿನಾಡಿನ ತಾಂತ್ರಿಕ ಕನ್ನಡದ ಚರ್ಚೆಗೆ ನಾನು ಒಂದೇ ಪದ ಆರಿಸಿಕೊಂಡಿದ್ದೇನೆ: ನ್ಯೂಟ್ರಲ್. ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆ ಕನ್ನಡದವರೂ ತೆಲುಗಿನವರೂ ಗಾಡಿಯ ವಿಷಯಕ್ಕೆ ಹಾಗೇ ಅನ್ನೋದು. ನಿಘಂಟು ತೆಗೆದರೆ ಎರಡೂ ಭಾಷೆಗಳಲ್ಲಿ 'ತಟಸ್ಥ', ಅಂದರೆ ದಡದಲ್ಲಿ ನಿಂತದ್ದು. ಕೃಷ್ಣಾ, ತುಂಗಭದ್ರೆಗಳ ನಡುವಿರುವ ಗದ್ವಾಲದಲ್ಲಿ ಯಾವ ದಡ ಅಂತಲೂ ಕೇಳಬೇಕಾದೀತು!

ಈ ಪದ ಗೇರಿಗೆ ಒಪ್ಪುತ್ತದೆಯೇ? ಅಮೆರಿಕದ ಡ್ರ್ಯಾಗ್ ರೇಸನ್ನೇ ನೋಡೋಣ. ಕಾಲು ಮೈಲಿ, ಸುಮಾರು 402 ಮೀಟರ್‌ನ ನೇರ ಓಟ. 1950ರಲ್ಲಿ ಬಂದ ಎರಡು ಗೇರಿನ ಪವರ್‌ಗ್ಲೈಡ್, 1964ರ ಮೂರು ಗೇರಿನ ಟರ್ಬೊ 400 ಅಲ್ಲಿ ಇನ್ನೂ ಓಡುತ್ತಿವೆ. ಈ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳ ವಾಲ್ವ್ ಬಾಡಿ, ಜೂರಾಲ ಕಾಲುವೆಯ ತೂಬುಗಳನ್ನು ನೋಡಿದವರಿಗೆ ಬೇಗ ಅರ್ಥವಾಗುತ್ತೆ. ಪಂಪು ಒತ್ತಿದ ಆಯಿಲ್ ಯಾವ ಕ್ಲಚ್ಚಿಗೆ ಹೋಗಬೇಕು ಅನ್ನೋದನ್ನು ಅದರೊಳಗಿನ ವಾಲ್ವುಗಳು ಗೊತ್ತುಮಾಡುತ್ತವೆ.

ಮಾಮೂಲಿ ಮೂರು ಗೇರಿನ ಕಾರಿನಲ್ಲಿ ಲಿವರಿನ ಸಾಲು ಪಾರ್ಕ್, ರಿವರ್ಸ್, ನ್ಯೂಟ್ರಲ್, ಡ್ರೈವ್, ಎರಡು, ಒಂದು. ಕೈಯಿಂದಲೇ ಗೇರ್ ಬದಲಿಸುವ ರೇಸಿನಲ್ಲಿ ಇದು ಅಪಾಯ. ಎರಡರಿಂದ ಮೇಲಿನ ಗೇರಿಗೆ ತಳ್ಳುವಾಗ ಕೈ ಒಂದು ಮನೆ ಮುಂದೆ ಹೋದರೆ ಸಿಗೋದು ನ್ಯೂಟ್ರಲ್. ಪೂರ್ತಿ ಆಕ್ಸಿಲರೇಟರ್ ಒತ್ತಿದ್ದಾಗ ಎಂಜಿನ್ ಮೇಲಿನ ಹೊರೆ ತಟ್ಟನೆ ತಪ್ಪಿ, ಅದು ಮಿತಿ ಮೀರಿ ತಿರುಗಿ ಒಡೆಯಬಹುದು. ಅದಕ್ಕೇ ಆಯಿಲ್‌ನ ದಾರಿ ಬದಲಿಸಿ ಸಾಲನ್ನು ನ್ಯೂಟ್ರಲ್, ಒಂದು, ಎರಡು, ಮೂರು ಅಂತ ತಿರುಗಿಸಿದ ವಾಲ್ವ್ ಬಾಡಿ ಹಾಕುತ್ತಾರೆ. ಆಗ ಕೊನೆಯ ಗೇರಿನ ಆಚೆ ಏನೂ ಇಲ್ಲ. ನನಗೆ ಇದು ತುಂಬಾ ಜಾಣತನದ ಬದಲಾವಣೆ ಅನಿಸುತ್ತೆ.

ಇನ್ನೊಂದು ಆಯ್ಕೆ 'ಕ್ಲೀನ್ ನ್ಯೂಟ್ರಲ್'. ಕೆಲವು ರೇಸ್ ವಾಲ್ವ್ ಬಾಡಿಗಳಲ್ಲಿ ನ್ಯೂಟ್ರಲ್‌ನಲ್ಲೂ ಒಂದು ಕ್ಲಚ್ಚಿಗೆ ಒತ್ತಡ ಉಳಿದಿರುತ್ತೆ. ಅದೊಂದರಿಂದಲೇ ಕಾರು ಚಲಿಸದು, ಆದರೆ ಒಳಗಿನ ಡ್ರಮ್ ಎಂಜಿನ್ ಜೊತೆ ತಿರುಗುತ್ತಲೇ ಇರುತ್ತೆ. ಕ್ಲೀನ್ ಅಂದರೆ ಎಲ್ಲ ಕ್ಲಚ್ಚುಗಳೂ ಬಿಟ್ಟಿರೋದು.

ಯಾವ ಬಗೆಯಲ್ಲೂ ಯಾರೂ ದಡದಲ್ಲಿ ನಿಂತಿಲ್ಲ. ಎಂಜಿನ್ ತಿರುಗುತ್ತಿದೆ, ಚಕ್ರವೂ ಉರುಳುತ್ತಿರಬಹುದು. ನಡುವಿನ ಹಿಡಿತ ಮಾತ್ರ ಬಿಟ್ಟಿದೆ. ಪಠ್ಯದಲ್ಲಿ 'ತಟಸ್ಥ ಸ್ಥಿತಿ' ಅಂತ ಓದಿದ ಹುಡುಗ ಗಾಡಿ ಶಾಂತವಾಗಿದೆ ಅಂದುಕೊಂಡಾನು. ಡೀಸೆಲ್ ಉಳಿಸೋಕೆ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವವನಿಗೆ ಎಂಜಿನ್ನಿನ ತಡೆ ಸಿಗಲ್ಲ, ಹೊರೆಯೆಲ್ಲ ಬ್ರೇಕಿನ ಮೇಲೆ. ಹಾಗಾಗಿ ನಾನು 'ನ್ಯೂಟ್ರಲ್' ಅಂತಲೇ ಬರೆದು, ಪಕ್ಕದಲ್ಲಿ 'ಹಿಡಿತ ಬಿಟ್ಟ ಗೇರು' ಅಂತ ವಿವರಿಸುತ್ತೇನೆ.